ಕೇರಿಗೆ ಬಂದ ಬ್ಯಾಟರಿ

ನಮ್ಮ ಮಾಡದಕೆರೆ ಸೀಮೆಯಲ್ಲಿ ಅಡಿಕೆ ಸುಲಿಯುವವನ ಬಾಯಲ್ಲಿ ಅಡಿಕೆ ಇದ್ದೇ ಇರುತ್ತದೆ. ತೋಟ ಅವನದಲ್ಲ, ಗೊನೆ ಅವನದಲ್ಲ. ದವಡೆಯಲ್ಲಿರೋ ಆ ಒಂದು ಹೋಳು ಮಾತ್ರ ಅವನದು. ನಮ್ಮಪ್ಪನ ಕಾಲದಲ್ಲಿ ಕೂಲಿಯ ಜತೆ ಧಣಿ ಎಲೆ, ಅಡಿಕೆ, ಹೊಗೆಸೊಪ್ಪನ್ನೂ ಕೊಡುತ್ತಿದ್ದ. ಒಡ್ಡಿದ ಟವಲ್ಲಿಗೆ ಮೇಲಿನಿಂದ ಬಿಡುತ್ತಿದ್ದ. ಕೈಗೆ ಕೈ ತಾಗಬಾರದು ನೋಡಿ. ಮುದ್ದೆ ತಡವಾದ ದಿನ ಒಂದು ಚಿಟಿಕೆ ಕಡ್ಡಿಪುಡಿ ಇಟ್ಟುಕೊಂಡರೆ ಹೊಟ್ಟೆ ಸುಮ್ಮನಾಗುತ್ತಿತ್ತು. ಇದನ್ನು ಚಟ ಅಂತ ಬೈಯುವ ವಿದ್ಯಾವಂತರು ಆ ಹಸಿವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನನ್ನ ಸೋದರಮಾವ ಹೋದದ್ದು ಬಾಯಿ ಕ್ಯಾನ್ಸರಿನಿಂದ. ಮೊದಲು ಕೆನ್ನೆಯೊಳಗೆ ಒಂದು ಬಿಳಿ ಮಚ್ಚೆ, ನೋವಿಲ್ಲ. ಆಮೇಲೆ ಖಾರ ಮುಟ್ಟಿದರೆ ಉರಿ. ಆಮೇಲೆ ತುತ್ತು ಒಳಕ್ಕೆ ಹೋಗದಷ್ಟು ಬಾಯಿ ಬಿಗಿಯಿತು. "ಉಷ್ಣ ಕಣ್ಲಾ, ಎಳನೀರು ಕುಡಿ" ಅಂದರು ಎಲ್ಲರೂ. ದೊಡ್ಡ ಆಸ್ಪತ್ರೆ ಮುಟ್ಟಿದಾಗ ಡಾಕ್ಟರು ಅಂದದ್ದು ಒಂದೇ ಮಾತು: "ಮೊದಲೇ ಬರಬೇಕಿತ್ತು." ಮೊದಲೇ ಅಂದರೆ ಯಾವಾಗ? ಐವತ್ತು ವರ್ಷದಲ್ಲಿ ಅವನ ಬಾಯೊಳಗೆ ಇಣುಕಿ ನೋಡಿದವರು ಯಾರು? ಈ ಪ್ರಶ್ನೆ ಹಿಡಿದುಕೊಂಡು ನಾನು ಹಿಂದಕ್ಕೆ ಹೋದೆ.

ನಮ್ಮ ಬಾಯಿಗೆ ಬೇರೆಯೇ ಚರಿತ್ರೆ ಇದೆ. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯ ಕೊರಳಿಗೆ ಮಡಕೆ ಕಟ್ಟಿಕೊಂಡು ಅದರೊಳಗೇ ಉಗುಳಬೇಕಾಗಿತ್ತು. 1936ರಲ್ಲಿ ಬಾಬಾಸಾಹೇಬರು ಇದನ್ನು ಜಾತಿವಿನಾಶದ ಪುಸ್ತಕದಲ್ಲಿ ದಾಖಲಿಸಿದರು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಇನ್ನೊಂದು ಘಟನೆ ಕೊಡುತ್ತಾರೆ. ಅದು 1929ರ ಡಿಸೆಂಬರಿನಲ್ಲಿ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಬಂದದ್ದು. ಕಾಠಿಯಾವಾಡದ ದಲಿತ ಮೇಷ್ಟರೊಬ್ಬರ ಬಾಣಂತಿ ಹೆಂಡತಿಗೆ ಕಾಯಿಲೆ. ಡಾಕ್ಟರು ಕೇರಿಗೆ ಬರಲಾರೆ ಅಂದ. ಕೇರಿಯ ಹೊರಗೆ ತಂದರೆ ನೋಡುತ್ತೇನೆ ಅಂದ, ಎರಡು ರೂಪಾಯಿ ಫೀಸಿಗೆ. ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ, ಅವನು ಗಂಡನಿಗೆ, ಗಂಡ ಹೆಂಡತಿಗೆ. ವಾಪಸ್ಸು ಅದೇ ದಾರಿಯಲ್ಲಿ. ರಾತ್ರಿ ಎಂಟರ ಹೊತ್ತು. ದೀಪದ ಬೆಳಕಿನಲ್ಲಿ ಆ ಡಾಕ್ಟರು ನೋಡಿದ್ದು ಥರ್ಮಾಮೀಟರನ್ನು, ಆಕೆಯನ್ನಲ್ಲ. ಆಕೆ ಉಳಿಯಲಿಲ್ಲ.

ಸ್ವಾತಂತ್ರ್ಯ ಬಂತು. ಸರ್ಕಾರದ ವೈದ್ಯ ಹಳ್ಳಿಗೂ ಬಂತು. ಆದರೆ ಬಸುರಿ, ಬಾಣಂತಿ, ಮಗು ಬಿಟ್ಟರೆ ಮನೆಯ ಗಂಡಾಳಿನ ಹತ್ತಿರ ಅದು ಯಾವಾಗ ಬಂತು? 1958ರಲ್ಲಿ ಶುರುವಾದ ಮಲೇರಿಯಾ ನಿರ್ಮೂಲನೆಯವರು ಬೆರಳು ಚುಚ್ಚಿ ರಕ್ತ ಒಯ್ದರು. ಆಮೇಲೆ ತುರ್ತುಪರಿಸ್ಥಿತಿ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಯಿತು. ಅದರಲ್ಲಿ ಬಡವರೇ ಹೆಚ್ಚು ಸಿಕ್ಕಿಬಿದ್ದರು. ಆಸ್ಪತ್ರೆ ಜೀಪು ಕಂಡರೆ ಹೊಲ ಬಿದ್ದು ಓಡಿದ ಅಜ್ಜಂದಿರ ಕಥೆ ಕೇಳಿ ನಾವು ನಕ್ಕಿದ್ದೇವೆ. ನಗುವ ಕಥೆಯಲ್ಲ ಅದು. ಹೆಸರು ಬರೆದುಕೊಳ್ಳಲು ಬಂದವರನ್ನು ಕಂಡರೆ ನಮ್ಮ ಗಂಡಸರು ಹಿತ್ತಿಲ ಬಾಗಿಲು ಹಿಡಿಯುವುದು ಇವತ್ತಿಗೂ ಹೋಗಿಲ್ಲ.

1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಆಯಿತು. ಬಸವಲಿಂಗಪ್ಪನವರು ಬೂಸಾ ಮಾತು ಆಡಿದ ವರ್ಷವೂ ಅದೇ. ಆಸ್ಪತ್ರೆ ದೊಡ್ಡದೇ. ಹೊಸದುರ್ಗದಿಂದ ಬಸ್ಸು ಹತ್ತಿದವನಿಗೆ ಅದು ಒಂದು ವಾರದ ಕೂಲಿ ದೂರ. ಹಾಗಂತ ಆ ಸಂಸ್ಥೆಯವರು ಬೆಂಗಳೂರಲ್ಲೇ ಕೂತಿರಲಿಲ್ಲ. ಕೋಲಾರ ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಸಿನಿಮಾ ತೋರಿಸಿ, ಚಿತ್ರ ತೂಗುಹಾಕಿ, ಎದುರು ಕೂತು ಮಾತಾಡಿ ತಂಬಾಕು ಬಿಡಿಸುವ ಪ್ರಯೋಗ ಮಾಡಿದರು. 1995ರಲ್ಲಿ ಅದರ ವರದಿ ಬಂತು. ಅವರು ಹೋದ ಊರುಗಳಲ್ಲಿ ತಂಬಾಕು ಬಿಟ್ಟವರು ಹೋಗದ ಊರುಗಳಿಗಿಂತ ಹೆಚ್ಚು.

ಇದಕ್ಕಿಂತ ದೊಡ್ಡ ಸಾಕ್ಷಿ ಕೇರಳದ್ದು. 1996ರಿಂದ ತಿರುವನಂತಪುರದ 13 ಪಂಚಾಯ್ತಿಗಳಲ್ಲಿ ಒಂದು ಪರೀಕ್ಷೆ ನಡೆಯಿತು. ಏಳರಲ್ಲಿ 35 ದಾಟಿದವರ ಬಾಯಿ ನೋಡಿದರು, ಆರರಲ್ಲಿ ನೋಡಲಿಲ್ಲ. ನೋಡಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಪದವೀಧರರು, ನನ್ನ ನಿಮ್ಮಂಥವರು. 2005ರಲ್ಲಿ ಬಂದ ಲೆಕ್ಕ: ತಂಬಾಕು, ಕುಡಿತ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು 34 ಶೇಕಡಾ ಇಳಿಯಿತು. ಯಂತ್ರವಿಲ್ಲ, ಸೂಜಿಯಿಲ್ಲ. ಬೆಳಕು, ಕಣ್ಣು, ಬೆರಳು ಅಷ್ಟೆ. ಆದರೆ ಅನುಮಾನ ಬಂದು ಮೇಲಿನ ಪರೀಕ್ಷೆಗೆ ಕಳಿಸಿದವರಲ್ಲಿ ಹೋದದ್ದು ನೂರಕ್ಕೆ 63 ಮಂದಿ. ಓದುಬರಹದ ಕೇರಳದಲ್ಲೇ ಹೀಗೆ.

ಅಡಿಕೆಯೇ ಕ್ಯಾನ್ಸರ್ ತರುತ್ತದೆ, ಹೊಗೆಸೊಪ್ಪು ಸೇರದಿದ್ದರೂ ತರುತ್ತದೆ ಅಂತ ವಿಶ್ವಸಂಸ್ಥೆಯ ಕ್ಯಾನ್ಸರ್ ಸಂಶೋಧಕರು 2003ರಲ್ಲೇ ಹೇಳಿದರು. ಅಡಿಕೆ ಬೆಳೆಯುವ ಜಿಲ್ಲೆಗಳಲ್ಲಿ ಈ ಮಾತಿಗೆ ಕಿವಿ ಕಮ್ಮಿ. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಆಗಿ ಅದೇ ಅಂಗಡಿಯಲ್ಲಿ ಅದೇ ಮಾಲು ತೂಗಾಡಿತು.

2016ರಲ್ಲಿ ಕೇಂದ್ರ ಸರ್ಕಾರ ಕಾಗದ ಹೊರಡಿಸಿತು: 30 ದಾಟಿದ ಎಲ್ಲರ ಬಾಯಿಯನ್ನೂ ಐದು ವರ್ಷಕ್ಕೊಮ್ಮೆ ನೋಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 30ರಿಂದ 49ರ ಗಂಡಸರನ್ನು ಕೇಳಿತು. ಒಮ್ಮೆಯಾದರೂ ಬಾಯಿ ತೋರಿಸಿದವರು ನೂರಕ್ಕೆ 1.2. ನಮ್ಮ ಸರ್ಕಾರದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಮನೆ ಬಾಗಿಲಿಗೇ ತಪಾಸಣೆ ಅಂತ ಹೊರಟಿತು. ಮೊದಲಿಗೆ ಅದೇ ಕೋಲಾರದಿಂದ.

ಮನೆ ಬಾಗಿಲು ಸರಿ, ಯಾವ ಹೊತ್ತಿಗೆ? ಬೆಳಗ್ಗೆ ಹತ್ತಕ್ಕೆ ಬಂದರೆ ಕೇರಿಯಲ್ಲಿರೋದು ಮುದುಕಿಯರು, ಕೋಳಿಗಳು. ಗಂಡಸು ಅಡಿಕೆ ಮನೆಯಲ್ಲೋ ಗಾರೆ ಕೆಲಸದಲ್ಲೋ ಇರುತ್ತಾನೆ. ರಾತ್ರಿ ಬರುವಾಗ ಒಂದಿಷ್ಟು ಹಾಕಿಕೊಂಡು ಬರುತ್ತಾನೆ. ಹೆಂಗಸಿನ ಮುಂದೆ ಕರೆಹಲ್ಲು ತೋರಿಸಲು ನಾಚಿಕೆ. ಅಂಗಳದಲ್ಲೇ ನಿಂತು "ಹುಣ್ಣು ಗಿಣ್ಣು ಇದೆಯಾ?" ಅಂತ ಕೇಳಿ, ಇಲ್ಲ ಅಂತ ಬರೆದುಕೊಂಡು ಹೋದವರನ್ನೂ ನಾನು ಕಂಡಿದ್ದೇನೆ. ಪುಸ್ತಕದಲ್ಲಿ ಅದೂ ತಪಾಸಣೆಯೇ.

ಮೇಷ್ಟರುಗಳೇ, ಗೆಳೆಯರೇ, ಇಷ್ಟು ನೀವೇ ನೋಡಬಹುದು. ಮೂರು ಬೆರಳು ಉದ್ದಕ್ಕೆ ಜೋಡಿಸಿದರೆ ಬಾಯೊಳಗೆ ಹಿಡಿಯುತ್ತದಾ? ಒರೆಸಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ ಇದೆಯಾ? ಹುಣ್ಣು ಮೂರು ವಾರವಾದರೂ ಮಾಯ್ದಿಲ್ಲವಾ? ಇದ್ದರೆ ಚೀಟಿ ಬರೆದುಕೊಟ್ಟು ಕೈತೊಳೆದುಕೊಳ್ಳಬೇಡಿ. ಆ ದಿನದ ಕೂಲಿ ಹೊಂದಿಸಿ, ಜತೆಗೆ ಬಸ್ಸು ಹತ್ತಿ.

ಹೋದ ಸುಗ್ಗಿ ಮುಗಿದ ಮೇಲೆ ನಮ್ಮ ಆಶಾ ಅಕ್ಕ ರಾತ್ರಿ ಎಂಟಕ್ಕೆ ಕೇರಿಗೆ ಬಂದರು. ಬ್ಯಾಟರಿ ಹಿಡಿದದ್ದು ನಾನು. ದೊಡ್ಡಪ್ಪ ಜಗಲಿಯಲ್ಲಿ ಕೂತು ಮುಖ ತಿರುಗಿಸಿದ. "ಬಾಯಿ ತೆಗಿ ದೊಡ್ಡಪ್ಪ" ಅಂದೆ. "ನಾರುತ್ತೆ ಕಣ್ಲಾ, ಆ ಯಮ್ಮಂಗೆ ಯಾಕೆ?" ಅಂದ. ಅಕ್ಕ ಕೈಚೀಲ ಹಾಕಿಕೊಂಡು ಕೆನ್ನೆಗೆ ಬೆರಳು ಹಾಕಿಯೇಬಿಟ್ಟರು. ಎಡಗಡೆ, ಕೆಳದವಡೆಯ ಹತ್ತಿರ, ರಾಗಿಕಾಳಷ್ಟು ಬಿಳುಪು. ಸೋಮವಾರ ಇಬ್ಬರೂ ಚಿತ್ರದುರ್ಗಕ್ಕೆ ಹೋಗುತ್ತಿದ್ದೇವೆ.