ಅಗಸೆ ಎಲೆಯ ರೋಗದಿಂದ ಔಷಧದ ಡಬ್ಬಿಯವರೆಗೆ

ರಾಜಾಜಿನಗರದಿಂದ ಯಶವಂತಪುರದ ಕಡೆ ಹೊರಟರೆ ಸ್ವಲ್ಪ ದೂರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ ಸಿಗುತ್ತದೆ. ಹಳಬರ ಬಾಯಲ್ಲಿ ಅದು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’. ಅಲ್ಲಿನ ಕೆಲವು ವಿಜ್ಞಾನಿಗಳು ಅಗಸೆ ಮರದ ಎಲೆಗೆ ಬರುವ ಒಂದು ರೋಗದ ಬೆನ್ನು ಹತ್ತಿ ದಶಕಗಳನ್ನೇ ಕಳೆದರು. ಇದು ಅಗಸೆಬೀಜದ ಅಗಸೆಯಲ್ಲ. ವೀಳ್ಯದೆಲೆ ಬಳ್ಳಿ ಹಬ್ಬಿಸಲು ತೋಟದಲ್ಲಿ ನೆಡುವ, ಸೊಪ್ಪು ಹೂವು ಎರಡೂ ಅಡುಗೆಗೆ ಒದಗುವ ಮರ. ಆ ಹುಡುಕಾಟ ಔಷಧವನ್ನು ಜೀವಕೋಶದೊಳಕ್ಕೆ ಸಾಗಿಸುವುದು ಹೇಗೆ ಎಂಬ ಪ್ರಶ್ನೆಯವರೆಗೆ ಬಂದು ಮುಟ್ಟಿದ ಕಥೆ ಇದು.

ವೈರಸ್ ಎಂಬುದರ ಪರಿಚಯ ಮನುಷ್ಯನಿಗೆ ಆದದ್ದೇ ಗಿಡದಿಂದ. ಹೊಗೆಸೊಪ್ಪಿನ ಎಲೆಯಲ್ಲಿ ತಿಳಿ-ಗಾಢ ಹಸಿರಿನ ಮಚ್ಚೆ ಮೂಡಿಸುವ ರೋಗದ ರಸವನ್ನು ಬ್ಯಾಕ್ಟೀರಿಯಾ ತಡೆಯುವ ಸೋಸುಕದಲ್ಲಿ ಸೋಸಿದರೂ ಅದು ರೋಗ ಹರಡುತ್ತದೆಂದು 1892ರಲ್ಲಿ ರಷ್ಯಾದ ದ್ಮಿತ್ರಿ ಇವನೊವ್‌ಸ್ಕಿ ತೋರಿಸಿದರು. 1898ರಲ್ಲಿ ಹಾಲೆಂಡಿನ ಬೈಯೆರಿಂಕ್, ಇದು ಹೊಸ ಬಗೆಯ ಸೋಂಕುಕಾರಕವೇ ಎಂದರು. 1935ರಲ್ಲಿ ಅಮೆರಿಕದ ವೆಂಡೆಲ್ ಸ್ಟಾನ್ಲಿ ಅದನ್ನು ಹರಳಾಗಿಸಿದರು. 1950ರ ದಶಕದಲ್ಲಿ ರೋಸಲಿಂಡ್ ಫ್ರಾಂಕ್ಲಿನ್ ಮುಂತಾದವರು ಎಕ್ಸ್-ರೇ ಹಾಯಿಸಿ ನೋಡಿದಾಗ, ಅದು 300 ನ್ಯಾನೊಮೀಟರ್ ಉದ್ದ, 18 ನ್ಯಾನೊಮೀಟರ್ ದಪ್ಪದ ಟೊಳ್ಳು ಕೊಳವೆ ಎಂಬುದು ಸ್ಪಷ್ಟವಾಯಿತು. ಪ್ರೋಟೀನಿನ ಇಟ್ಟಿಗೆಗಳಿಂದ ಕಟ್ಟಿದ ಡಬ್ಬಿ, ಅದರೊಳಗೆ ಆರ್‌ಎನ್‌ಎ ಎಂಬ ಸರಕು. ಸರಕನ್ನು ಬದಲಿಸಿದರೆ ಹೇಗೆ ಎಂಬ ಪ್ರಶ್ನೆ ಹುಟ್ಟಲು ಇನ್ನೂ ಕೆಲವು ದಶಕಗಳು ಬೇಕಾದವು.

ಬೆಂಗಳೂರಿನ ಅಧ್ಯಾಯ ಶುರುವಾಗುವುದು ಇಬ್ಬರಿಂದ. ಎಂ. ಆರ್. ಎನ್. ಮೂರ್ತಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ರಾಸ್‌ಮನ್ ಅವರೊಂದಿಗೆ ಕೆಲಸ ಮಾಡಿದ್ದರು. ಹುರಳಿಕಾಯಿ ಗಿಡದ ಒಂದು ವೈರಸ್‌ನ ರಚನೆಯನ್ನು 1980ರಲ್ಲಿ ಬಿಡಿಸಿಟ್ಟದ್ದು ರಾಸ್‌ಮನ್ ಅವರ ತಂಡ. ಇಲ್ಲಿ ಮೂರ್ತಿಯವರು ಅಣುಜೀವಭೌತ ವಿಭಾಗದಲ್ಲಿ, ಎಚ್. ಎಸ್. ಸಾವಿತ್ರಿಯವರು ಜೀವರಸಾಯನ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದರು. ತಿರುಪತಿಯ ವಿಜ್ಞಾನಿಗಳು ಅಗಸೆಯಲ್ಲಿ ಗುರುತಿಸಿದ್ದ ಮೊಸಾಯಿಕ್ ವೈರಸ್ಸನ್ನೂ, ಬುಡ್ಡೆಹಣ್ಣಿನ ಜಾತಿಯ ಗಿಡಕ್ಕೆ ತಗಲುವ ಫೈಸಾಲಿಸ್ ಮಾಟಲ್ ವೈರಸ್ಸನ್ನೂ ಇವರು ಕೈಗೆತ್ತಿಕೊಂಡರು. ಮೊದಲನೆಯದರ ರಚನೆ 1995ರಲ್ಲಿ, ಎರಡನೆಯದರದು 1999ರಲ್ಲಿ ಪ್ರಕಟವಾಯಿತು. ಎರಡೂ ಸುಮಾರು 30 ನ್ಯಾನೊಮೀಟರಿನ ಗುಂಡು ಚಿಪ್ಪುಗಳು. ಪ್ರತಿ ಚಿಪ್ಪಿನಲ್ಲೂ ಒಂದೇ ಪ್ರೋಟೀನಿನ 180 ಪ್ರತಿಗಳು.

1997ರಲ್ಲಿ ಈ ತಂಡ ಫೈಸಾಲಿಸ್ ವೈರಸ್‌ನ ಚಿಪ್ಪಿನ ಪ್ರೋಟೀನನ್ನು ಇ. ಕೋಲೈ ಬ್ಯಾಕ್ಟೀರಿಯಾದೊಳಗೆ ತಯಾರಿಸಿತು. ಗಿಡವಿಲ್ಲದೆ, ವೈರಸ್‌ನ ಜೀನೋಮ್ ಇಲ್ಲದೆ, ಆ ಪ್ರೋಟೀನುಗಳು ತಾವಾಗಿಯೇ ಜೋಡಿಕೊಂಡು ಚಿಪ್ಪಾದವು. ಇವರಿಗೆ ಬೇಕಿದ್ದದ್ದು ಜೋಡಣೆಯ ಗುಟ್ಟು. ಆದರೆ ರೋಗ ತರುವ ಸರಕಿಲ್ಲದ ಡಬ್ಬಿ ತಯಾರಿಸುವ ವಿಧಾನವೂ ಅದರ ಜೊತೆಗೇ ಕೈಗೆ ಬಂತು.

ಅದರ ಫಲ ಎರಡು ದಶಕಗಳ ನಂತರ ಕಂಡಿತು. ಪ್ರತಿಕಾಯಗಳು ರೋಗಕಾರಕ ಪ್ರೋಟೀನುಗಳನ್ನು ಹಿಡಿಯುವುದರಲ್ಲಿ ನಿಸ್ಸೀಮ. ಆದರೆ ಜೀವಕೋಶದ ಪೊರೆ ದಾಟಿ ಒಳಹೋಗುವುದು ಅವಕ್ಕೆ ಕಷ್ಟ. 2016ರಲ್ಲಿ ಸಾವಿತ್ರಿಯವರ ತಂಡ ಅಗಸೆ ವೈರಸ್‌ನ ಚಿಪ್ಪಿಗೆ, ಪ್ರತಿಕಾಯವನ್ನು ಕಚ್ಚಿ ಹಿಡಿಯುವ ಬ್ಯಾಕ್ಟೀರಿಯಾ ಪ್ರೋಟೀನಿನ ತುಣುಕೊಂದನ್ನು ಸೇರಿಸಿತು. ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳೊಳಕ್ಕೆ ಆ ಚಿಪ್ಪು ಪ್ರತಿಕಾಯಗಳನ್ನು ಹೊತ್ತು ಹೋಯಿತು. 2017ರಲ್ಲಿ ತಿರುಪತಿಯ ಹೇಮಾ ಮಸರಪು ಮತ್ತು ಅಮೆರಿಕದ ನಿಕೋಲ್ ಸ್ಟೈನ್‌ಮೆಟ್ಜ್ ಮುಂತಾದವರು ಫೈಸಾಲಿಸ್ ಚಿಪ್ಪಿಗೆ ಬಣ್ಣದ ಅಣುಗಳನ್ನೂ ಡಾಕ್ಸೊರುಬಿಸಿನ್‌ನಂತಹ ಕ್ಯಾನ್ಸರ್ ಔಷಧವನ್ನೂ ಜೋಡಿಸಿ ತೋರಿಸಿದರು. 2019ರಲ್ಲಿ ಅದೇ ಚಿಪ್ಪಿನೊಳಗೆ ಗ್ಯಾಡೊಲಿನಿಯಂ ತುಂಬಿ, ಇಲಿಗಳಲ್ಲಿನ ಪ್ರಾಸ್ಟೇಟ್ ಗಡ್ಡೆ ಎಂಆರ್‌ಐ ಚಿತ್ರದಲ್ಲಿ ಎದ್ದು ಕಾಣುವಂತೆ ಮಾಡಲಾಯಿತು.

ಗಿಡದ ವೈರಸ್ಸೇ ಏಕೆ? ಅದು ಮನುಷ್ಯರ ಜೀವಕೋಶದಲ್ಲಿ ವೃದ್ಧಿಯಾಗುವುದಿಲ್ಲ. ಮೆಣಸಿನಕಾಯಿಯ ಜೊತೆ ಅದರ ವೈರಸ್ಸನ್ನೂ ನಾವು ತಿನ್ನುತ್ತಲೇ ಬಂದಿದ್ದೇವೆ. ಚಿಪ್ಪುಗಳೆಲ್ಲ ಒಂದೇ ಅಳತೆಯವು, ಪ್ರೋಟೀನಿನವು. ಆದರೆ ತೊಡಕೂ ಅಲ್ಲೇ ಇದೆ. ರಕ್ತಕ್ಕೆ ಚುಚ್ಚಿದ ಹೊರಗಿನ ಪ್ರೋಟೀನನ್ನು ನಮ್ಮ ರೋಗನಿರೋಧಕ ವ್ಯವಸ್ಥೆ ಗುರುತು ಹಿಡಿಯುತ್ತದೆ. ಮತ್ತೆ ಮತ್ತೆ ಕೊಟ್ಟರೆ ಔಷಧ ಗಡ್ಡೆಗೆ ತಲುಪುವ ಮೊದಲೇ ತಡೆಯಬಹುದು. ಇಲಿಯಲ್ಲಿ ಗೆದ್ದದ್ದು ಮನುಷ್ಯರಲ್ಲೂ ಗೆಲ್ಲಬೇಕೆಂದಿಲ್ಲ. ಈ ಡಬ್ಬಿಗಳು ಇನ್ನೂ ಔಷಧದಂಗಡಿಗೆ ಬಂದಿಲ್ಲ. ಮನೆಯಲ್ಲಿ ಕ್ಯಾನ್ಸರ್ ರೋಗಿ ಇರುವವರಿಗೆ ಇದನ್ನು ಸ್ಪಷ್ಟವಾಗಿಯೇ ಹೇಳಬೇಕು.

ಆದರೂ ಈ ಇತಿಹಾಸದಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. 1995ರಲ್ಲಿ ಯಾರಾದರೂ ‘ಅಗಸೆ ಎಲೆಯ ರೋಗ ನೋಡಿ ಏನು ಉಪಯೋಗ?’ ಎಂದು ಕೇಳಿದ್ದರೆ, ‘ಕ್ಯಾನ್ಸರಿಗೆ’ ಎಂಬ ಉತ್ತರ ಯಾರ ಬಳಿಯೂ ಇರುತ್ತಿರಲಿಲ್ಲ. ಮೂರು ವರ್ಷದ ಯೋಜನೆಗೆ ಹಣ ಕೊಟ್ಟು ನಾಲ್ಕನೆಯ ವರ್ಷ ಫಲ ಕೇಳುವ ಪದ್ಧತಿಯಲ್ಲಿ ಇಂಥ ಕೆಲಸ ಉಳಿಯುವುದು ಕಷ್ಟ. ಆ ಚಿಪ್ಪಿನ ನಕ್ಷೆ ಬೆಂಗಳೂರಿನಲ್ಲಿ ಸಿದ್ಧವಾದದ್ದು, ಎಲೆಯ ರೋಗವನ್ನು ಅದರ ಸಲುವಾಗಿಯೇ ವರ್ಷಗಟ್ಟಲೆ ನೋಡಲು ಒಂದಷ್ಟು ಜನರಿಗೆ ಜಾಗ, ಸಂಬಳ, ಸಮಯ ಸಿಕ್ಕಿದ್ದರಿಂದ.