ಊರು ಬಿಡದೆ ಉದ್ಯೋಗ ಬದಲಾವಣೆ: ನಾಲ್ಕು ತಾಲ್ಲೂಕುಗಳ ನೌಕರರಿಗೊಂದು ಕೈಪಿಡಿ

ಮಧುಗಿರಿ: ನಿರುದ್ಯೋಗಿಗಳಿಗಾಗಿ ಸರ್ಕಾರದ ಯೋಜನೆಗಳಿವೆ, ಉದ್ಯೋಗ ಮೇಳಗಳಿವೆ, 2024ರ ಜನವರಿಯಲ್ಲಿ ಜಾರಿಗೆ ಬಂದ ಯುವನಿಧಿಯಂತಹ ಭತ್ಯೆಯೂ ಇದೆ. ಆದರೆ ಕೈಯಲ್ಲೊಂದು ಕೆಲಸವಿದ್ದು, ಅದು ಸಾಲದೆ ಅಥವಾ ಸರಿಹೋಗದೆ ಮತ್ತೊಂದನ್ನು ಅರಸುವವರಿಗೆ ದಾರಿ ತೋರುವವರು ವಿರಳ. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಸೇರಿ ಒಂದು ಶೈಕ್ಷಣಿಕ ಜಿಲ್ಲೆಯಾಗಿವೆ. ಓದಿಸುವ ಆಡಳಿತಕ್ಕೆ ಇಲ್ಲಿಯೇ ಕೇಂದ್ರವಿದೆ. ಓದು ಮುಗಿದ ಬಳಿಕ ಉದ್ಯೋಗಕ್ಕೆ ಮಾತ್ರ ತುಮಕೂರು, ಬೆಂಗಳೂರು ಅಥವಾ ಗಡಿಯಾಚೆಯ ಹಿಂದೂಪುರದತ್ತ ಮುಖ ಮಾಡಬೇಕಾದ ಸ್ಥಿತಿ. ಹೀಗಾಗಿ ಈ ಭಾಗದ ಲೆಕ್ಕಿಗ, ಶಿಕ್ಷಕಿ, ನರ್ಸ್, ತಂತ್ರಜ್ಞ ಅಥವಾ ಮೇಲ್ವಿಚಾರಕ ನೌಕರಿ ಬದಲಿಸಲು ಹೊರಟಾಗ ಮೊದಲು ಎದುರಾಗುವುದು ಅಂತರದ ಪ್ರಶ್ನೆ. ಸಂಬಳದ ಪ್ರಶ್ನೆ ಆನಂತರದ್ದು.

ಸಂಬಳ ಏರಿತು, ದುಡಿಮೆಯ ಬೆಲೆ ಇಳಿಯಿತು: ತುಮಕೂರಿಗೆ ಕೊರಟಗೆರೆಯಿಂದ ಸುಮಾರು 27, ಮಧುಗಿರಿಯಿಂದ 43, ಶಿರಾದಿಂದ 50 ಕಿ.ಮೀ. ದೂರವಿದೆ. ಪಾವಗಡದಿಂದ ಸುಮಾರು 100 ಕಿ.ಮೀ. ಕೊರಟಗೆರೆ, ಮಧುಗಿರಿ, ಪಾವಗಡ ಮೂಲಕ ಸಾಗುವ ತುಮಕೂರು–ರಾಯದುರ್ಗ ಹಾಗೂ ಶಿರಾ ಮೂಲಕ ಸಾಗುವ ತುಮಕೂರು–ದಾವಣಗೆರೆ ರೈಲು ಮಾರ್ಗಗಳು 2025ರ ಅಂತ್ಯದವರೆಗೂ ಪೂರ್ಣಗೊಂಡಿರಲಿಲ್ಲ. ನಿತ್ಯದ ಓಡಾಟಕ್ಕೆ ಬಸ್ಸೇ ಆಧಾರ.

ಒಂದು ಕಾಲ್ಪನಿಕ ಲೆಕ್ಕವನ್ನು ಗಮನಿಸಬಹುದು. ಮಧುಗಿರಿಯಲ್ಲೇ ತಿಂಗಳಿಗೆ 18,000 ರೂ. ಪಡೆಯುವ ನೌಕರನಿಗೆ ತುಮಕೂರಿನಲ್ಲಿ 24,000 ರೂ.ಗಳ ಕೆಲಸ ದೊರೆಯಿತೆನ್ನೋಣ. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆಯಂತೆ ಊರಿನ ದುಡಿಮೆ 208 ಗಂಟೆ. ಗಂಟೆಗೆ ಸಿಗುವುದು ಸುಮಾರು 86 ರೂ. ತುಮಕೂರಿಗೆ ಹೋಗಿಬರಲು ಕಾಯುವ ಸಮಯವೂ ಸೇರಿ ದಿನಕ್ಕೆ ಎರಡೂವರೆ ಗಂಟೆಯಾದರೆ ತಿಂಗಳಿಗೆ ಇನ್ನೂ 65 ಗಂಟೆ ಕೂಡಿಕೊಳ್ಳುತ್ತದೆ. ಎಂದರೆ ಎಂಟು ಪೂರ್ಣ ಪಾಳಿಗಳಿಗೂ ಹೆಚ್ಚು. ಬಸ್ ಖರ್ಚು 3,000 ರೂ., ಹೊರಗಿನ ಊಟ ತಿಂಡಿಗೆ 1,500 ರೂ. ಕಳೆದರೆ ಉಳಿಯುವ 19,500 ರೂ.ಗಳನ್ನು 273 ಗಂಟೆಗಳಿಗೆ ಹಂಚಬೇಕು. ಆಗ ಗಂಟೆಗೆ 71 ರೂ. ಸಂಬಳ 6,000 ರೂ. ಏರಿದರೂ ದುಡಿಮೆಯ ಬೆಲೆ ಇಳಿದಿದೆ.

ಮಹಿಳೆಯರಿಗೆ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಬಸ್ ಖರ್ಚು ಉಳಿಯುತ್ತದೆ. ಆಗಲೂ ಮೇಲಿನ ಲೆಕ್ಕದಲ್ಲಿ ಗಂಟೆಗೆ 82 ರೂ. ಮಾತ್ರ. ಈ ಸೌಲಭ್ಯ ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ ರಾಜ್ಯದೊಳಗಿನ ಪ್ರಯಾಣಕ್ಕಷ್ಟೇ ಸೀಮಿತ. ಖಾಸಗಿ ಬಸ್ ಏರಿದರೆ ಟಿಕೆಟ್ ಕೊಳ್ಳಲೇಬೇಕು. ಕಂಪನಿಯೇ ವಾಹನ ಮತ್ತು ಊಟ ಒದಗಿಸಿದರೆ ಗಂಟೆಗೆ ಸುಮಾರು 88 ರೂ. ಆಗಿ ಹಳೆಯ ಕೆಲಸಕ್ಕೆ ಸರಿಸಮವಾಗುತ್ತದೆ. ಆದ್ದರಿಂದ ಸಂದರ್ಶನದಲ್ಲಿ ಕ್ಯಾಂಟೀನ್ ಹಾಗೂ ಪಿಕಪ್ ಬಗ್ಗೆ ವಿಚಾರಿಸುವುದು ಸಂಕೋಚದ ವಿಷಯವಲ್ಲ. ಹಾಗೆಂದು ದೂರದ ಕೆಲಸವೆಲ್ಲ ನಷ್ಟದ್ದೆಂದು ಭಾವಿಸಬೇಕಿಲ್ಲ. ಹೊಸ ಕೌಶಲ ಕಲಿಯುವ ಅವಕಾಶ, ಭವಿಷ್ಯ ನಿಧಿ, ಲಿಖಿತ ನೇಮಕಾತಿ ದೊರೆಯುವುದಾದರೆ ಎರಡು–ಮೂರು ವರ್ಷ ಈ ಹೊರೆ ಹೊರುವುದು ಸಮರ್ಥನೀಯ. ಇವು ಯಾವುವೂ ಇಲ್ಲದೆ ಕೇವಲ ಸಂಬಳದ ಅಂಕಿಗೆ ಮರುಳಾಗುವುದು ಸರಿಯಲ್ಲ.

ಕೆಲಸ ಎಲ್ಲಿದೆ: ಕೊರಟಗೆರೆ ಮತ್ತು ಶಿರಾ ಕಡೆಯವರಿಗೆ ಹತ್ತಿರದ ದೊಡ್ಡ ಕೈಗಾರಿಕಾ ಪ್ರದೇಶವೆಂದರೆ ತುಮಕೂರು ತಾಲ್ಲೂಕು ಕೋರಾ ಹೋಬಳಿಯ ವಸಂತನರಸಾಪುರ. 2014ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಇಲ್ಲಿನ ಫುಡ್ ಪಾರ್ಕ್ ಉದ್ಘಾಟಿಸಿದ್ದರು. ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುವ ಶಿರಾದವರಿಗೆ ಹಿರಿಯೂರು, ಚಿತ್ರದುರ್ಗದ ದಿಕ್ಕೂ ತೆರೆದಿದೆ.

ಪಾವಗಡದ ಕಥೆ ಬೇರೆ. ಮೂರು ಕಡೆ ಆಂಧ್ರ ಪ್ರದೇಶದಿಂದ ಸುತ್ತುವರಿದ ಈ ತಾಲ್ಲೂಕಿನ ತಿರುಮಣಿ, ವಳ್ಳೂರು ಸುತ್ತಮುತ್ತಲ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ತಲೆಯೆತ್ತಿದೆ. 2018ರ ಮಾರ್ಚ್ 1ರಂದು ಇದರ ಮೊದಲ ಹಂತ ಉದ್ಘಾಟನೆಗೊಂಡಿತು. ರೈತರ ಜಮೀನನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂ.ಗಳಂತೆ ಗುತ್ತಿಗೆಗೆ ಪಡೆದದ್ದು ಇದರ ವಿಶೇಷ. ಆದರೆ ಉದ್ಯೋಗದ ದೃಷ್ಟಿಯಿಂದ ಸೌರ ಸ್ಥಾವರದ ಸ್ವಭಾವವನ್ನು ಅರಿಯಬೇಕು. ಕಂಬ ನೆಡುವಾಗ, ಫಲಕ ಜೋಡಿಸುವಾಗ ಸಾವಿರಾರು ಕೈಗಳು ಬೇಕು. ವಿದ್ಯುತ್ ಉತ್ಪಾದನೆ ಆರಂಭವಾದ ಮೇಲೆ ಫಲಕ ತೊಳೆಯಲು, ಹುಲ್ಲು ಕತ್ತರಿಸಲು, ಕಾವಲಿಗೆ ಹಾಗೂ ಇನ್ವರ್ಟರ್, ಉಪಕೇಂದ್ರಗಳ ನಿರ್ವಹಣೆಗೆ ಕೆಲವರು ಸಾಕು. ಕೊನೆಯ ಗುಂಪಿನ ತಂತ್ರಜ್ಞರಿಗೆ ಮಾತ್ರ ಇಲ್ಲಿಯ ಅನುಭವ ಬೇರೆಡೆ ಬೆಲೆ ತರುತ್ತದೆ. ಐಟಿಐ, ಡಿಪ್ಲೊಮಾ ಮುಗಿಸಿದವರು ಸ್ವವಿವರದಲ್ಲಿ ‘ಸೋಲಾರ್ ಕೆಲಸ’ ಎಂದಷ್ಟೇ ಬರೆಯುವುದಕ್ಕಿಂತ ಎಷ್ಟು ಮೆಗಾವಾಟ್ ಘಟಕ, ಯಾವ ಉಪಕರಣ, ಯಾವ ಬಗೆಯ ದೋಷಗಳನ್ನು ಸರಿಪಡಿಸಿದ್ದು ಎಂದು ನಮೂದಿಸುವುದು ಸೂಕ್ತ.

ಗಡಿಯಾಚೆ ಪೆನುಕೊಂಡ ಬಳಿ ಕಿಯಾ ಕಾರು ಕಾರ್ಖಾನೆ 2019ರಲ್ಲಿ ಉತ್ಪಾದನೆ ಆರಂಭಿಸಿತು. ಪಾವಗಡದವರಿಗೆ ತುಮಕೂರಿಗಿಂತ ಅದೇ ಸಮೀಪ, ತೆಲುಗು ಭಾಷೆಯೂ ಪರಿಚಿತ. ಆದರೆ ಆಂಧ್ರ ಪ್ರದೇಶವು ಸ್ಥಳೀಯರಿಗೆ ಶೇ 75ರಷ್ಟು ಉದ್ಯೋಗ ಮೀಸಲಿಡುವ ಮಸೂದೆಯನ್ನು ಅದೇ ವರ್ಷ ಅಂಗೀಕರಿಸಿತು. ಕರ್ನಾಟಕ ಸಚಿವ ಸಂಪುಟವೂ 2024ರ ಜುಲೈನಲ್ಲಿ ಇಂಥದ್ದೇ ಮಸೂದೆಗೆ ಒಪ್ಪಿಗೆ ನೀಡಿ, ಉದ್ಯಮಿಗಳ ವಿರೋಧದ ಬಳಿಕ ತಡೆಹಿಡಿಯಿತು. ಅದರಲ್ಲಿ 15 ವರ್ಷಗಳ ವಾಸ ಮತ್ತು ಕನ್ನಡ ಬಲ್ಲವರೆಂಬ ಷರತ್ತುಗಳಿದ್ದವು. ಎರಡು ರಾಜ್ಯಗಳ ನಡುವೆ ಸಿಲುಕಿದ ತಾಲ್ಲೂಕಿನವರು ವಾಸ ದೃಢೀಕರಣ ಪತ್ರ ಹಾಗೂ ಕನ್ನಡ ವಿಷಯವಿರುವ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಜೋಪಾನವಾಗಿಡುವುದು ಲೇಸು.

ಮಾಲೀಕ ಯಾರು: ಸೌರ ಪಾರ್ಕ್, ಕಾರ್ಖಾನೆ, ಆಸ್ಪತ್ರೆ, ಎಲ್ಲೆಡೆ ಗುತ್ತಿಗೆದಾರರ ಮೂಲಕ ನೇಮಕ ಸಾಮಾನ್ಯವಾಗಿದೆ. ಗೇಟಿನ ಮೇಲಿನ ಹೆಸರು ಒಂದು, ಸಂಬಳ ಕೊಡುವವರು ಇನ್ನೊಬ್ಬರು. ಗುತ್ತಿಗೆ ಬದಲಾದಾಗ ಕೆಲಸದ ಜಾಗ ಬದಲಾಗದಿದ್ದರೂ ಭವಿಷ್ಯ ನಿಧಿಯ ಸದಸ್ಯ ಸಂಖ್ಯೆ ಬದಲಾಗುತ್ತದೆ. ಬದಲಾಗಬಾರದ್ದು 2014ರಲ್ಲಿ ಜಾರಿಗೆ ಬಂದ ಸಾರ್ವತ್ರಿಕ ಖಾತೆ ಸಂಖ್ಯೆ, ಅಂದರೆ ಯುಎಎನ್. ಹೊಸಬರು ಮತ್ತೊಂದು ಯುಎಎನ್ ತೆರೆಯಲು ಮುಂದಾದರೆ ಹಳೆಯದನ್ನೇ ಕೊಡಬೇಕು.

ಇದು ಬರೀ ಕಾಗದದ ವಿಷಯವಲ್ಲ. ಮೂಲ ವೇತನ 15,000 ರೂ. ಇರುವವರ ಹೆಸರಿನಲ್ಲಿ ಮಾಲೀಕರು ಕಟ್ಟುವ 1,800 ರೂ.ಗಳಲ್ಲಿ 1,250 ರೂ. ಪಿಂಚಣಿ ನಿಧಿಗೆ ಸೇರುತ್ತದೆ. ಮಾಸಿಕ ಪಿಂಚಣಿಯ ಅರ್ಹತೆಗೆ 10 ವರ್ಷಗಳ ಸೇವೆ ಬೇಕು. ಹಲವು ಮಾಲೀಕರ ಬಳಿ ಮಾಡಿದ ಸೇವೆಯನ್ನು ಒಟ್ಟುಗೂಡಿಸಲು ಅವಕಾಶವಿದೆ. ಆದರೆ ಪ್ರತಿ ಬಾರಿ ಕೆಲಸ ಬಿಟ್ಟಾಗಲೂ ಪಿಂಚಣಿಯ ಪಾಲನ್ನು ಹಿಂಪಡೆದವರ ಸೇವಾ ಲೆಕ್ಕ ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ. ಮಗಳ ಮದುವೆಗೆಂದೋ ಕೊಳವೆಬಾವಿಗೆಂದೋ ತೆಗೆದ ಸಣ್ಣ ಮೊತ್ತ ವೃದ್ಧಾಪ್ಯದ ಪಿಂಚಣಿಯನ್ನೇ ನುಂಗಬಹುದು. ಹಳೆಯ ಮಾಲೀಕರು ನಿರ್ಗಮನ ದಿನಾಂಕ ನಮೂದಿಸದಿದ್ದರೆ, ಕೊನೆಯ ವಂತಿಗೆ ಪಾವತಿಯಾಗಿ ಎರಡು ತಿಂಗಳ ಬಳಿಕ ಸದಸ್ಯರೇ ಪೋರ್ಟಲ್‌ನಲ್ಲಿ ನಮೂದಿಸಬಹುದು. ನೋಂದಾಯಿತ ಮೊಬೈಲ್‌ನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಖಾತೆಯ ವಿವರ ಬರುತ್ತದೆ. ಕೆಲಸ ಬಿಡುವ ಮುನ್ನವೇ ಇದನ್ನು ಪರಿಶೀಲಿಸಬೇಕು. ಸಂಬಳದಲ್ಲಿ ಕಡಿತವಾದ ಹಣ ಖಾತೆಗೆ ಜಮೆಯಾಗಿಲ್ಲವೆಂಬುದು ಆಗಲೇ ತಿಳಿದರೆ ಒಳಿತು.

ಸಂದರ್ಶನ: ಗ್ರಾಮೀಣ ಹಿನ್ನೆಲೆಯ ಅಭ್ಯರ್ಥಿಗಳು ಇಂಗ್ಲಿಷಿನ ಬಗ್ಗೆ ಅಳುಕುವುದುಂಟು. ಬಾಯಿಪಾಠ ಮಾಡಿದ ಇಂಗ್ಲಿಷ್ ಪರಿಚಯಕ್ಕಿಂತ, ತಾನು ಮಾಡಿದ ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಸರಳವಾಗಿ ವಿವರಿಸುವುದೇ ಹೆಚ್ಚು ಪರಿಣಾಮಕಾರಿ. ಉತ್ತರದ ನಡುವೆ ಕನ್ನಡಕ್ಕೆ ಹೊರಳಲು ಅನುಮತಿ ಕೇಳಿದರೆ ತಪ್ಪೇನಿಲ್ಲ. ಹಿಂದಿನ ಕೆಲಸ ಬಿಡಲು ಕಾರಣ ಕೇಳಿದಾಗ ಹಳೆಯ ಮಾಲೀಕರನ್ನು ದೂಷಿಸುವುದು ಬೇಡ. ‘ಗುತ್ತಿಗೆ ಅವಧಿ ಮುಗಿಯಿತು’, ‘ಪ್ರಯಾಣ ಹೊರೆಯಾಯಿತು’ ಎಂಬ ನಿಜವೇ ಸಾಕು. ಮಳೆಗಾಲದಲ್ಲಿ ಜಮೀನಿನ ಕೆಲಸಕ್ಕೆ, ಹೆರಿಗೆಗೆ, ಹಿರಿಯರ ಆರೈಕೆಗೆ ಬಿಟ್ಟ ತಿಂಗಳುಗಳನ್ನು ಮರೆಮಾಚಲು ದಿನಾಂಕ ತಿದ್ದುವವರಿದ್ದಾರೆ. ಭವಿಷ್ಯ ನಿಧಿಯ ದಾಖಲೆ ಮತ್ತು ಸ್ವವಿವರ ತಾಳೆಯಾಗದಿದ್ದರೆ ಕೈಗೆ ಬಂದ ಕೆಲಸವೂ ತಪ್ಪಬಹುದು.

ಅಭ್ಯರ್ಥಿಯೂ ಕೆಲವನ್ನು ಕೇಳಿ ತಿಳಿಯಬೇಕು. ನೇಮಕಾತಿ ಪತ್ರ ಯಾರ ಹೆಸರಿನಲ್ಲಿ? ಎರಡನೇ ಪಾಳಿ ಮುಗಿಯುವ ಹೊತ್ತಿಗೆ ಊರಿಗೆ ಕೊನೆಯ ಬಸ್ ಇದೆಯೇ? ಇಲ್ಲವಾದರೆ ವ್ಯವಸ್ಥೆ ಏನು? ಖಾಸಗಿ ಶಾಲೆಗಳ ವಿಷಯದಲ್ಲಿ ಬೇಸಿಗೆ ರಜೆಯ ವೇತನ ಉಂಟೇ ಎಂಬುದನ್ನು ಕೇಳಲೇಬೇಕು. ಹತ್ತು ತಿಂಗಳಿಗಷ್ಟೇ ಸಂಬಳ ನೀಡುವ ರೂಢಿಯಿದ್ದಲ್ಲಿ ಮಾಸಿಕ ಸಂಬಳದ ಅಂಕಿ ದಾರಿ ತಪ್ಪಿಸುತ್ತದೆ.

ಬಿಡುವಾಗ: 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ರಾಜೀನಾಮೆ ನೀಡಿದ ನೌಕರರಿಗೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಪಾವತಿಸಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳು ಪ್ರತಿ ನೌಕರರಿಗೂ ನೇಮಕಾತಿ ಪತ್ರ ನೀಡುವುದು ಕಡ್ಡಾಯ. ಹಳಬರಿಗೆ ಪತ್ರ ನೀಡಲು ಸಂಹಿತೆ ಮೂರು ತಿಂಗಳ ಗಡುವು ವಿಧಿಸಿದೆ.

ಗ್ರಾಚ್ಯುಟಿಗೆ ಐದು ವರ್ಷಗಳ ಸೇವೆ ಬೇಕೆಂಬುದು ಸಾಮಾನ್ಯ ನಿಯಮ; ನಿಗದಿತ ಅವಧಿಗೆ ನೇಮಕವಾದವರಿಗೆ ಹೊಸ ಸಂಹಿತೆಯಡಿ ಒಂದು ವರ್ಷ ಸಾಕು. ವೇತನ 20,000 ರೂ. ಇದ್ದು ಐದು ವರ್ಷ ಪೂರೈಸಿದವರಿಗೆ, ವರ್ಷಕ್ಕೆ 15 ದಿನಗಳ ಲೆಕ್ಕದಲ್ಲಿ, 57,692 ರೂ. ಸಲ್ಲಬೇಕು. ನಾಲ್ಕೂವರೆ ವರ್ಷಕ್ಕೆ ಕೆಲಸ ಬಿಡುವವರು ಈ ಮೊತ್ತವನ್ನೂ ಹೊಸ ಸಂಬಳದ ಜೊತೆ ತೂಗಿ ನೋಡಬೇಕು. ಖಾಸಗಿ ಶಾಲಾ ಶಿಕ್ಷಕರಿಗೂ ಗ್ರಾಚ್ಯುಟಿ ಅನ್ವಯಿಸುತ್ತದೆ ಎಂಬ ಕಾನೂನನ್ನು ಸುಪ್ರೀಂ ಕೋರ್ಟ್ 2022ರ ಆಗಸ್ಟ್‌ನಲ್ಲಿ ಎತ್ತಿಹಿಡಿದಿದೆ. ಶೈಕ್ಷಣಿಕ ಜಿಲ್ಲೆಯೆನಿಸಿದ ಈ ಭಾಗದಲ್ಲಿ ಈ ಹಕ್ಕು ಪ್ರತಿ ಶಿಕ್ಷಕರಿಗೂ ತಿಳಿದಿರಬೇಕು.

ಮನಸ್ಸಿನ ಆರೋಗ್ಯ: ಬೆಳಿಗ್ಗೆ ಆರಕ್ಕೆ ಬಸ್ ಹತ್ತಿ ರಾತ್ರಿ ಒಂಬತ್ತಕ್ಕೆ ಮನೆ ಸೇರುವವರಲ್ಲಿ ಮೊದಲು ಕೆಡುವುದು ನಿದ್ರೆ. ಹೆಣ್ಣುಮಕ್ಕಳಿಗೆ ಮನೆಗೆಲಸದ ಮತ್ತೊಂದು ಪಾಳಿಯೂ ಕಾದಿರುತ್ತದೆ. ಇನ್ನೊಂದು ವರ್ಗದ ಬವಣೆಯನ್ನು ಯಾರೂ ಗಮನಿಸಿದಂತಿಲ್ಲ. ಅದು ಹಳ್ಳಿಗಳಲ್ಲಿ ಸಾಲ ವಸೂಲಿ ಮಾಡುವ ಕಿರುಸಾಲ ಸಂಸ್ಥೆಗಳ ಕ್ಷೇತ್ರ ಸಿಬ್ಬಂದಿಯದು. ಬಲವಂತದ ವಸೂಲಿ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ತಂದ ಸುಗ್ರೀವಾಜ್ಞೆಯಲ್ಲಿ 10 ವರ್ಷಗಳವರೆಗೆ ಸೆರೆವಾಸಕ್ಕೆ ಅವಕಾಶವಿತ್ತು. ಸಾಲಗಾರರ ರಕ್ಷಣೆಗೆ ಅದು ಅಗತ್ಯವೇ ಆಗಿತ್ತು. ಆದರೆ ಮೇಲಿನಿಂದ ಗುರಿ, ಕೆಳಗಿನಿಂದ ಆಕ್ರೋಶ, ಜೊತೆಗೆ ಕಾನೂನಿನ ಭಯ, ಮೂರನ್ನೂ ಹೊರುವವನು ಬೈಕಿನಲ್ಲಿ ಊರೂರು ಸುತ್ತುವ ಯುವಕ. ವಸೂಲಿಯ ಸೂಚನೆಗಳನ್ನು ಬಾಯಿಮಾತಿನಲ್ಲಿ ಸ್ವೀಕರಿಸದೆ ಲಿಖಿತವಾಗಿ ಕೇಳುವುದು ಇಂಥವರಿಗೆ ರಕ್ಷಣೆ. ನಿದ್ರಾಹೀನತೆ, ಅಕಾರಣ ಸಿಟ್ಟು, ಬದುಕು ಬೇಡವೆಂಬ ಭಾವನೆ ಕಾಡಿದರೆ 14416ಕ್ಕೆ ಕರೆ ಮಾಡಬಹುದು. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿಮಾನಸ್ ಸಹಾಯವಾಣಿ. ಕರೆ ಉಚಿತ, ದಿನದ 24 ಗಂಟೆಯೂ ಕನ್ನಡದಲ್ಲೇ ಮಾತನಾಡಬಹುದು.

ಹಣ ಕೇಳಿದರೆ: ಕೇಂದ್ರ ಸರ್ಕಾರದ ರಾಷ್ಟ್ರೀಯ ವೃತ್ತಿ ಸೇವೆ ಪೋರ್ಟಲ್‌ನಲ್ಲಿ ನೋಂದಣಿ ಉಚಿತ. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿ ತುಮಕೂರಿನಲ್ಲಿದ್ದು, ಅಲ್ಲಿಯೂ ಶುಲ್ಕವಿಲ್ಲ. ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಗೊಂಡ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಂತಹ ಸಾರ್ವಜನಿಕ ಉದ್ದಿಮೆಗಳಿಗೆ ಅಧಿಕೃತ ಪ್ರಕಟಣೆಯ ಮೂಲಕವೇ ನೇಮಕ ನಡೆಯುತ್ತದೆ; ಮಧ್ಯವರ್ತಿಗೆ ಅಲ್ಲಿ ಸ್ಥಾನವಿಲ್ಲ. ತರಬೇತಿ, ಸಮವಸ್ತ್ರ, ಠೇವಣಿ ಯಾವ ಹೆಸರಿನಲ್ಲಿ ಮುಂಗಡ ಕೇಳಿದರೂ ಅನುಮಾನಿಸಬೇಕು. ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಸಾಗುವ ಮುನ್ನ ದೂರು ದಾಖಲಾದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.