ಎರಡು ಸೋಲುಗಳು: ಕೆಂಗಲ್ ಹನುಮಂತಯ್ಯನವರ ಸಾರ್ವಜನಿಕ ಜೀವನ

‘ವಕೀಲ’ ಎಂಬುದು ಅರಬ್ಬಿಯಿಂದ ಪಾರಸಿಯ ಮೂಲಕ ನಮ್ಮಲ್ಲಿಗೆ ಬಂದ ಮಾತು. ಇನ್ನೊಬ್ಬರ ಪರವಾಗಿ ನಿಂತು ಅವರ ಕೆಲಸವನ್ನು ತನ್ನದೆಂದು ನಡೆಸುವವನು ಎಂಬುದು ಅದರ ಅರ್ಥ. ನ್ಯಾಯಸ್ಥಾನದ ಆವರಣದಲ್ಲಿ ಈ ಅರ್ಥಕ್ಕೆ ತೊಡಕಿಲ್ಲ. ಕಕ್ಷಿದಾರ ಯಾರೆಂಬುದು ವಕಾಲತ್ತಿನ ಕಾಗದದಲ್ಲಿಯೇ ಬರೆದಿರುತ್ತದೆ. ಆದರೆ ವಕೀಲನು ಕರಿಯ ನಿಲುವಂಗಿಯನ್ನು ಕಳಚಿಟ್ಟು ರಾಜ್ಯಾಧಿಕಾರದ ಪೀಠವನ್ನೇರಿದಾಗ ಅವನ ಕಕ್ಷಿದಾರ ಯಾರು? ಅವನನ್ನು ಆರಿಸಿದ ಕ್ಷೇತ್ರವೆ, ಅವನ ಪಕ್ಷವೆ, ಅವನ ಹುಟ್ಟಿನ ಬಳಗವೆ, ಇಲ್ಲವೆ ಇನ್ನೂ ಮೈದಾಳದಿರುವ ಒಂದು ನಾಡೆ?

ಈ ಪ್ರಶ್ನೆ ನಮ್ಮ ದೇಶದ ಮಟ್ಟಿಗೆ ಸಣ್ಣದಲ್ಲ. ಗಾಂಧೀಜಿ, ಪಟೇಲ್, ರಾಜೇಂದ್ರಪ್ರಸಾದರಂತಹ ಹಿರಿಯರೆಲ್ಲ ಕಾನೂನನ್ನು ಓದಿ ಬಂದವರು. ಕನ್ನಡ ನಾಡಿನಲ್ಲಿಯೂ ಆಲೂರ ವೆಂಕಟರಾಯರು, ಕಾರ್ನಾಡ ಸದಾಶಿವರಾಯರು, ನಿಜಲಿಂಗಪ್ಪನವರು, ಕಡಿದಾಳ ಮಂಜಪ್ಪನವರು ವಕೀಲಿಯಿಂದಲೇ ಸಾರ್ವಜನಿಕ ಜೀವನಕ್ಕೆ ಬಂದವರು. ಈ ಸಾಲಿನಲ್ಲಿ ಕೆಂಗಲ್ ಹನುಮಂತಯ್ಯನವರನ್ನು ನಾನು ಇಂದು ಆರಿಸಿಕೊಂಡಿರುವುದಕ್ಕೆ ಒಂದು ಕಾರಣವುಂಟು. ಮೇಲಿನ ಪ್ರಶ್ನೆಗೆ ಅವರ ಬದುಕು ಎರಡು ಬೇರೆ ಬೇರೆ ಉತ್ತರಗಳನ್ನು ಕೊಟ್ಟಿತು. ಎರಡಕ್ಕೂ ಅವರು ಸೋಲಿನ ರೂಪದಲ್ಲಿ ಬೆಲೆ ತೆತ್ತರು.

ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯ ಒಕ್ಕಲು ಮನೆತನದಲ್ಲಿ 1908ರಲ್ಲಿ ಹುಟ್ಟಿದ ಹನುಮಂತಯ್ಯನವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪದವಿ ಪಡೆದು, ಪುಣೆಯಲ್ಲಿ ಕಾನೂನು ಓದಿ, ವಕೀಲಿಗೆ ತೊಡಗಿದರು. ಚಳವಳಿಯ ಕರೆ ಬಂದಾಗ ನ್ಯಾಯಾಲಯವನ್ನು ಬಿಟ್ಟು ಸೆರೆಮನೆಗೆ ಹೋದರು. ಒಂದಲ್ಲ, ಹಲವು ಸಲ. ಸ್ವಾತಂತ್ರ್ಯ ಬಂದಮೇಲೆ ಮೈಸೂರಿನ ಪ್ರತಿನಿಧಿಯಾಗಿ ದೆಹಲಿಯ ಸಂವಿಧಾನ ಸಭೆಯಲ್ಲಿ ಕುಳಿತರು. 1949ರ ನವೆಂಬರಿನಲ್ಲಿ ಕರಡಿನ ಮೇಲೆ ಕೊನೆಯ ಚರ್ಚೆ ನಡೆದಾಗ ಅವರಾಡಿದ ಒಂದು ಮಾತು ಇಂದಿಗೂ ನೆನಪಿನಲ್ಲಿ ಉಳಿದಿದೆ. ನಾವು ಬಯಸಿದ್ದು ವೀಣೆಯ, ಸಿತಾರಿನ ನಾದವನ್ನು. ಕೇಳಿಬಂದದ್ದು ಇಂಗ್ಲಿಷ್ ಬ್ಯಾಂಡಿನ ಸಂಗೀತ ಎಂಬರ್ಥದ ಮಾತದು. ಕಾನೂನಿನ ಕಲಮುಗಳನ್ನು ಕುರಿತು ವಾದಿಸಬೇಕಾದ ಕಡೆ ವಕೀಲರೊಬ್ಬರು ನಾದದ ಮಾತನ್ನೆತ್ತಿದ್ದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ಸ್ವತಂತ್ರ ದೇಶದ ಆಡಳಿತ ನ್ಯಾಯವಾಗಿದ್ದರಷ್ಟೇ ಸಾಲದು, ಅದು ನಮ್ಮದೆನಿಸಬೇಕು ಎಂಬ ಹಂಬಲ ಅದರಲ್ಲಿದೆ.

1952ರ ಮೊದಲ ಮಹಾಚುನಾವಣೆಯಲ್ಲಿ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ 74ನ್ನು ಕಾಂಗ್ರೆಸ್ಸು ಗೆದ್ದಿತು, ಹನುಮಂತಯ್ಯನವರು ಮುಖ್ಯಮಂತ್ರಿಗಳಾದರು. ದೆಹಲಿಯಲ್ಲಿ ಕೇಳದ ವೀಣೆಯನ್ನು ಅವರು ಬೆಂಗಳೂರಿನಲ್ಲಿ ಕಲ್ಲಿನಿಂದ ನುಡಿಸಹೊರಟರೆಂದು ಹೇಳಬಹುದು. ಕೆ. ಸಿ. ರೆಡ್ಡಿಯವರ ಕಾಲದಲ್ಲಿ, 1951ರ ಜುಲೈ 13ರಂದು, ನೆಹರೂ ಅವರು ಶಂಕುಸ್ಥಾಪನೆ ಮಾಡಿದ್ದ ಶಾಸನಸಭಾ ಭವನದ ನಕ್ಷೆ ಸಾದಾ ಆಗಿತ್ತು. ಅದನ್ನು ಬದಿಗಿರಿಸಿ, ವಾಸ್ತುಶಿಲ್ಪಿ ಬಿ. ಆರ್. ಮಾಣಿಕ್ಯಂ ಅವರ ನೆರವಿನಿಂದ, ದ್ರಾವಿಡ ಶೈಲಿಯ ಕಂಬ, ಬೋದಿಗೆ, ಗೋಪುರಗಳ ಭವ್ಯ ಸೌಧವನ್ನು ಹನುಮಂತಯ್ಯನವರು ಕಟ್ಟಿಸಿದರು. ಉದ್ದ 700 ಅಡಿ, ಅಗಲ 350 ಅಡಿ. ಸಾವಿರಾರು ಕೂಲಿಕಾರರೊಡನೆ ಸೆರೆಮನೆಯ ಕೈದಿಗಳೂ ಅಲ್ಲಿ ದುಡಿದರು. ಸೌಧಕ್ಕೆದುರಾಗಿ ಕಮಿಷನರರ ಕಾಲದ ಕೆಂಪು ಅಠಾರಾ ಕಚೇರಿ, ಐರೋಪ್ಯ ಮಾದರಿಯ ಕಂಬಸಾಲಿನ ಉಚ್ಚ ನ್ಯಾಯಾಲಯ. ವಕೀಲರೊಬ್ಬರು ನ್ಯಾಯಾಲಯಕ್ಕೆ ಎದುರಾಗಿ ನಿಲ್ಲಿಸಿದ ದೀರ್ಘವಾದ ವಾದದಂತಿದೆ ಆ ಕಟ್ಟಡ.

ಬಾಗಿಲಿನ ಮೇಲೆ ಕೆತ್ತಿಸಿದ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ವಾಕ್ಯ ನಮ್ಮ ಜನರ ಬಾಯಲ್ಲಿ ಎಷ್ಟೋ ಸಲ ಹಾಸ್ಯಕ್ಕೆ ವಸ್ತುವಾಗಿದೆ. ಆದರೆ ಅದು ಸರ್ಕಾರವನ್ನು ಹೊಗಳುವ ವಾಕ್ಯವಲ್ಲ. ಒಳಗೆ ಹೋಗುವ ನೌಕರನಿಗೂ ಮಂತ್ರಿಗೂ ಹೊಸ್ತಿಲಲ್ಲಿಯೇ ವಿಧಿಸಿದ ಕಟ್ಟಳೆ. ದೇವರ ಕೆಲಸದಲ್ಲಿ ಕಳ್ಳತನ ಮಾಡಬಾರದೆಂಬುದು ನಮ್ಮ ಹಳ್ಳಿಗರಿಗೆ ಯಾರೂ ವಿವರಿಸಬೇಕಾಗಿಲ್ಲ.

ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಈ ಸೌಧದಷ್ಟೇ ಮುಖ್ಯವಾಗಿ ತೋರುವುದು ಇನ್ನೊಂದು ಕೆಲಸ. ಹನುಮಂತಯ್ಯನವರು ಕುಮಾರವ್ಯಾಸನ ಪರಮಾಭಿಮಾನಿ. ಗಮಕಿಗಳ ಕಂಠದಲ್ಲಿ ಊರೂರಿಗೆ ಕೇಳುತ್ತಿದ್ದ ಆ ಭಾರತ ಬಡವನ ಮನೆಯ ಗೂಡಿನಲ್ಲಿಯೂ ಇರಬೇಕೆಂದು ಅವರು ಬಯಸಿದರು. ಕುವೆಂಪು ಮತ್ತು ಮಾಸ್ತಿಯವರ ಸಂಪಾದಕತ್ವದಲ್ಲಿ ಸರ್ಕಾರವೇ ಹೊರತಂದ ಆ ಗ್ರಂಥದ ಬೆಲೆ ಕೇವಲ ಎರಡು ರೂಪಾಯಿ. ಸೌಧಕ್ಕೆ ತಗುಲಿದ್ದು ಒಂದೂಮುಕ್ಕಾಲು ಕೋಟಿ ರೂಪಾಯಿಗೂ ಮೇಲೆ. ಮಹಾಕಾವ್ಯಕ್ಕೆ ಎರಡು ರೂಪಾಯಿ. ಎರಡರ ಹಿಂದೆಯೂ ಇದ್ದ ಮನಸ್ಸು ಒಂದೇ.

ಇನ್ನು ಏಕೀಕರಣದ ಮಾತು. ಅಂದು ಕನ್ನಡಿಗರು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗುಗಳೆಂದು ಹಂಚಿಹೋಗಿದ್ದರು. ಫಜಲ್ ಅಲಿ ಅವರ ಅಧ್ಯಕ್ಷತೆಯ ಆಯೋಗ 1955ರಲ್ಲಿ ಕನ್ನಡ ಪ್ರದೇಶಗಳನ್ನು ಒಂದುಗೂಡಿಸಲು ಶಿಫಾರಸು ಮಾಡಿದಾಗ ಎಲ್ಲಕ್ಕಿಂತ ಹೆಚ್ಚು ಹಿಂಜರಿಕೆ ಕಂಡುಬಂದದ್ದು ಹಳೆಯ ಮೈಸೂರಿನಲ್ಲಿಯೇ. ಅದಕ್ಕೆ ಕಾರಣಗಳೂ ಇದ್ದುವು. ವಿದ್ಯುತ್ತು, ಶಾಲೆ, ಕೈಗಾರಿಕೆಗಳಲ್ಲಿ ಮುಂದಿದ್ದ ಸಂಸ್ಥಾನದ ವರಮಾನ ಹಿಂದುಳಿದ ಜಿಲ್ಲೆಗಳಿಗೆ ಹರಿದುಹೋದೀತೆಂಬ ಭಯ ಒಂದು. ಹೊಸ ರಾಜ್ಯದಲ್ಲಿ ಸಮುದಾಯಗಳ ಬಲಾಬಲ ಬದಲಾಗಿ ಅಧಿಕಾರ ಕೈತಪ್ಪೀತೆಂಬ ಶಂಕೆ ಇನ್ನೊಂದು. ವಿಶ್ವೇಶ್ವರಯ್ಯನವರಂತಹ ಹಿರಿಯರೂ ಎರಡು ರಾಜ್ಯಗಳಿರುವುದೇ ಮೇಲೆಂದು ಭಾವಿಸಿದ್ದರು.

ಇಂತಹ ಹೊತ್ತಿನಲ್ಲಿ ಹನುಮಂತಯ್ಯನವರು ಏಕೀಕರಣದ ಪರವಾಗಿ ನಿಂತರು. ಅವರ ಪ್ರದೇಶ, ಅವರ ಬಳಗ, ಅವರ ಶಾಸಕರಲ್ಲಿ ಅನೇಕರು ಎದುರು ಪಕ್ಷದಲ್ಲಿದ್ದರು. ಲೆಕ್ಕಾಚಾರ ಬಲ್ಲ ರಾಜಕಾರಣಿ ಸುಮ್ಮನಿದ್ದರೆ ಸಾಕಾಗಿತ್ತು. ಸಂಯುಕ್ತ ರಾಜ್ಯ ಬಂದರೆ ಗದ್ದುಗೆ ತಮ್ಮ ಬಳಿ ಉಳಿಯುವುದು ಕಷ್ಟವೆಂಬುದನ್ನು ಊಹಿಸಲು ಹೆಚ್ಚಿನ ಜಾಣ್ಮೆಯೂ ಬೇಕಿರಲಿಲ್ಲ. ಇನ್ನೂ ಹುಟ್ಟದ ನಾಡಿನ ವಕಾಲತ್ತನ್ನು, ತೀರ್ಪು ತಮಗೇ ಪ್ರತಿಕೂಲವಾಗುವುದೆಂದು ಬಲ್ಲವರಾಗಿ, ಅವರು ವಹಿಸಿದರು.

1956ರ ಆಗಸ್ಟಿನಲ್ಲಿ ಸ್ವಪಕ್ಷೀಯರ ವಿರೋಧಕ್ಕೆ ಸಿಕ್ಕಿ ಅವರು ಅಧಿಕಾರ ಬಿಟ್ಟರು. ಏಕೀಕರಣವೊಂದೇ ಇದಕ್ಕೆ ಕಾರಣವೆಂದರೆ ಚರಿತ್ರೆಗೆ ಅಪಚಾರವಾದೀತು. ಅವರ ಬಿಗುವಿನ ಸ್ವಭಾವ, ಯಾರನ್ನೂ ಲೆಕ್ಕಿಸದ ನಡೆ, ಸೌಧಕ್ಕಾದ ವೆಚ್ಚ ಇವೆಲ್ಲ ಸೇರಿಕೊಂಡಿದ್ದುವು. ವೆಚ್ಚದ ಬಗೆಗೆ ಮುಂದೆ ವಿಚಾರಣೆಯೂ ನಡೆಯಿತು. ಕಡಿದಾಳ ಮಂಜಪ್ಪನವರು ಕೆಲವೇ ವಾರಗಳ ಕಾಲ ಮುಖ್ಯಮಂತ್ರಿಗಳಾಗಿದ್ದರು. ನವೆಂಬರ್ 1ರಂದು ವಿಶಾಲ ಮೈಸೂರು ಉದಯಿಸಿದಾಗ ನಿಜಲಿಂಗಪ್ಪನವರು ಅಧಿಕಾರ ವಹಿಸಿದರು. ಒಂಬತ್ತು ಜಿಲ್ಲೆಗಳ ಪುಟ್ಟ ರಾಜ್ಯಕ್ಕೆ ಇಷ್ಟು ದೊಡ್ಡ ಸೌಧವೇಕೆಂದು ಕೇಳಿದ್ದವರಿಗೆ ಹತ್ತೊಂಬತ್ತು ಜಿಲ್ಲೆಗಳ ರಾಜ್ಯವೇ ಉತ್ತರವಾಯಿತು. ಆದರೆ ಆ ರಾಜ್ಯದ ಮುಖ್ಯಮಂತ್ರಿಯಾಗಿ ಅದರ ಮೆಟ್ಟಿಲೇರುವ ಯೋಗ ಕಟ್ಟಿಸಿದವರಿಗಿರಲಿಲ್ಲ.

ಮುಂದಿನ ದಾರಿ ದೆಹಲಿಯದು. 1962ರಿಂದ ಮೂರು ಸಲ ಅವರು ಬೆಂಗಳೂರಿನಿಂದ ಲೋಕಸಭೆಗೆ ಆರಿಸಿ ಹೋದರು. 1966ರಲ್ಲಿ ಏರ್ಪಟ್ಟ ಆಡಳಿತ ಸುಧಾರಣಾ ಆಯೋಗದ ಸದಸ್ಯರಾಗಿದ್ದು, ಮೊರಾರ್ಜಿ ದೇಸಾಯಿಯವರು ಉಪಪ್ರಧಾನಿಗಳಾದ ಬಳಿಕ ಅದರ ಅಧ್ಯಕ್ಷರಾದರು. ಅಧಿಕಾರಸ್ಥರ ಮೇಲಿನ ದೂರುಗಳನ್ನು ವಿಚಾರಿಸಲು ಲೋಕಪಾಲ, ಲೋಕಾಯುಕ್ತರೆಂಬ ಸ್ವತಂತ್ರ ಪೀಠಗಳಿರಬೇಕೆಂದು ಮೊಟ್ಟಮೊದಲು ವಿಧಿವತ್ತಾಗಿ ಸೂಚಿಸಿದ್ದು ಈ ಆಯೋಗವೇ. ಕರ್ನಾಟಕದಲ್ಲಿ ಲೋಕಾಯುಕ್ತ ಕಾಯಿದೆ ಬಂದದ್ದು 1984ರಲ್ಲಿ, ಕೇಂದ್ರದಲ್ಲಿ ಲೋಕಪಾಲ ಕಾಯಿದೆ 2013ರಲ್ಲಿ. ಬಾಗಿಲ ಮೇಲೆ ಕೆತ್ತಿದ ವಾಕ್ಯಕ್ಕೆ ಕಾನೂನಿನ ಕಾವಲೂ ಬೇಕೆಂಬುದನ್ನು ವಕೀಲರಾದ ಅವರು ಅರಿತಿದ್ದರೆನ್ನಬೇಕು. 1971ರಲ್ಲಿ ರೈಲ್ವೆ ಮಂತ್ರಿಗಳಾಗಿ, ಮರುವರ್ಷವೇ ಆ ಸ್ಥಾನದಿಂದ ಹೊರಬಂದರು.

ಎರಡನೆಯ ಸೋಲು 1977ರದು. ತುರ್ತು ಪರಿಸ್ಥಿತಿಯ ಕತ್ತಲೆ ಕಳೆಯುತ್ತಿದ್ದ ಆ ಚುನಾವಣೆಯಲ್ಲಿ ಅವರು ಕಾಂಗ್ರೆಸ್ಸಿನ ಅಭ್ಯರ್ಥಿ. ಎದುರಿಗೆ ನಿಂತವರು ನಮ್ಮ ಕರಾವಳಿಯವರೇ ಆದ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರು. 1973ರಲ್ಲಿ ಸೇವಾಹಿರಿತನವನ್ನು ಕಡೆಗಣಿಸಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ನೇಮಿಸಿದಾಗ ಸರ್ವೋಚ್ಚ ನ್ಯಾಯಾಲಯದ ಪೀಠಕ್ಕೆ ರಾಜೀನಾಮೆ ಕೊಟ್ಟು ಬಂದ ಮೂವರಲ್ಲಿ ಒಬ್ಬರು. ವಕೀಲರು ಸೋತರು, ನ್ಯಾಯಮೂರ್ತಿಗಳು ಗೆದ್ದರು. ಆ ತೀರ್ಪನ್ನು ಅನ್ಯಾಯವೆಂದು ನಾನು ಹೇಳಲಾರೆ. ಪ್ರಜೆಯ ದೂರಿಗೆ ಕಿವಿಗೊಡುವ ಪೀಠವನ್ನು ಕಲ್ಪಿಸಿದ್ದ ಹಿರಿಯರು, ಪ್ರಜೆಯ ಬಾಯಿ ಕಟ್ಟಿದ್ದ ಸರ್ಕಾರದ ಪಕ್ಷಕ್ಕಾಗಿ ಮತ ಕೇಳಬೇಕಾಗಿ ಬಂದದ್ದೇ ವಿಷಾದದ ಸಂಗತಿ. 1980ರ ಡಿಸೆಂಬರ್ 1ರಂದು ಅವರು ತೀರಿಕೊಂಡರು.

ಒಂದು ಸೋಲು ನಾಡಿನ ಪರವಾಗಿ ನಿಂತುದರ ಫಲ. ಇನ್ನೊಂದು ಪಕ್ಷದ ಪರವಾಗಿ ನಿಂತುದರ ಫಲ. ಚುನಾವಣೆಯ ಲೆಕ್ಕದಲ್ಲಿ ಎರಡೂ ಸೋಲುಗಳೇ. ಆದರೆ ಕಾಲದ ನ್ಯಾಯಸ್ಥಾನದಲ್ಲಿ ಮೊದಲನೆಯದು ಎಂದೋ ಗೆಲುವಾಗಿ ಪರಿವರ್ತನೆಗೊಂಡಿದೆ. ಬೀದರಿನ ರೈತನೂ ಬೆಳಗಾವಿಯ ನೇಕಾರನೂ ತನ್ನ ಅರ್ಜಿಯನ್ನು ಕನ್ನಡದಲ್ಲಿ ಬರೆದುಕೊಂಡು ಆ ಸೌಧದ ಮೆಟ್ಟಿಲೇರುವಾಗ, ಅದನ್ನು ಕಟ್ಟಿಸಿದವರ ಹೆಸರು ಅವನಿಗೆ ತಿಳಿಯದಿದ್ದರೂ ಕೊರತೆಯಿಲ್ಲ. ವಕೀಲನು ಗೆದ್ದುಕೊಟ್ಟ ಆಸ್ತಿಯಲ್ಲಿ ವಾಸಿಸುವವನು ಕಕ್ಷಿದಾರನೇ ತಾನೆ?

(ಆಕಾಶವಾಣಿ ಭಾಷಣ)